ಹದಿನೈದು ನಿಮಿಷದ ಕಾಲಂ

ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಂತರೆ ಆರನೆಯ ನಿಮಿಷಕ್ಕೆ ಮುಂದಿನ ನಿಲ್ದಾಣದ ಕಡೆ ನಡೆಯತೊಡಗುತ್ತೇನೆ. ಎರಡು ನಿಲ್ದಾಣಗಳ ನಡುವೆ ನಾನಿರುವಾಗಲೇ ಬಸ್ಸು ನನ್ನನ್ನು ದಾಟಿ ಹೋಗುತ್ತದೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾಳೆ. ಇಂಥವನಿಗೆ ದೆಹಲಿಯಲ್ಲಿ ಸಿಕ್ಕ ಕೆಲಸವಾದರೂ ಎಂಥದು? ಬೇರೆಯವರು ಹದಿನೈದು ನಿಮಿಷ ಅಲ್ಲಾಡದೆ ಕೂತಿದ್ದರು ಎಂದು ಬರೆದಿಡುವುದು.

ಎರಡು ಸಾವಿರದ ಆಚೀಚಿನ ವರ್ಷಗಳು ಕಳೆದು, ದೆಹಲಿಯ ಕಾಲೋನಿಗಳಿಗೆ ಕೊಳವೆಯಲ್ಲಿ ಗ್ಯಾಸು ಬರತೊಡಗಿದ್ದ ಕಾಲ. ಸಿಲಿಂಡರಿಗೆ ಬುಕ್ ಮಾಡಿ ವಾರಗಟ್ಟಲೆ ಕಾದು ಬೇಸತ್ತಿದ್ದ ಜನ ನಮ್ಮನ್ನು ಕಂಡರೆ ಮದುವೆಗೆ ಬಂದ ಬೀಗರನ್ನು ಕಂಡಷ್ಟು ಖುಷಿಪಡುತ್ತಿದ್ದರು. ನಾನು ಜನಕಪುರಿಯ ಒಬ್ಬ ಗುತ್ತಿಗೆದಾರರ ಬಳಿ ಇದ್ದೆ. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ಆಫೀಸು. ದಾವಣಗೆರೆಯಲ್ಲಿ ಓದಿದ ಮೆಕ್ಯಾನಿಕಲ್ ಡಿಪ್ಲೊಮಾ ಹಿಡಿದು ಬಂದವನಿಗೆ ಅವರು ಕೊಟ್ಟ ಹೆಸರು ಸೇಫ್ಟಿ ಸೂಪರ್‌ವೈಸರ್. ಹೆಸರು ಕೇಳಿದರೆ ತಲೆಗೆ ಹೆಲ್ಮೆಟ್ ಬೇಕೆನ್ನಿಸುತ್ತದೆ, ಆದರೆ ನನ್ನ ಕೈಯಲ್ಲಿರುತ್ತಿದ್ದದ್ದು ಕಾರ್ಬನ್ ಹಾಳೆ ಮತ್ತು ಪೆನ್ನು. ಒಂದು ಮನೆಗೆ ಒಂದು ಕಾರ್ಡು. ಅಡುಗೆಮನೆಯಲ್ಲಿ ಗಾಳಿಕಿಂಡಿ ಇದೆಯೇ, ಪೈಪಿನ ಹತ್ತಿರ ಬೆಂಕಿ ಇದೆಯೇ, ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ನೋಡಿದಿರಾ, ಒಲೆ ಆರಿಸುವುದನ್ನು ಮನೆಯವರಿಗೆ ಕಲಿಸಿದಿರಾ ಎಂದು ಕಾಲಂ ಮೇಲೆ ಕಾಲಂ. ಕೊನೆಗೆ ಮೂರು ಸಹಿ: ಫಿಟ್ಟರ್, ಸೂಪರ್‌ವೈಸರ್, ಮನೆಯವರು.

ಇವೆಲ್ಲದರ ನಡುವೆ ನಿಜವಾದ ಕಾಲಂ ಎಂದರೆ ಹದಿನೈದು ನಿಮಿಷದ್ದು. ಹೊಸ ಪೈಪಿಗೆ ಕೈಪಂಪಿನಿಂದ ಗಾಳಿ ತುಂಬಿ, ಅರ್ಧ ನೀರಿರುವ ಯು ಆಕಾರದ ಗಾಜಿನ ನಳಿಗೆಯೊಂದನ್ನು ಅದಕ್ಕೆ ಜೋಡಿಸುತ್ತಾರೆ. ಗಾಳಿಯ ಒತ್ತಡಕ್ಕೆ ಒಂದು ಬದಿಯ ನೀರು ಮೇಲೇರಿ ನಿಲ್ಲುತ್ತದೆ. ಹದಿನೈದು ನಿಮಿಷ ಅದು ನಿಂತಲ್ಲೇ ನಿಂತರೆ ಪೈಪು ಭದ್ರ. ಕೂದಲೆಳೆಯಷ್ಟು ಇಳಿದರೂ ಎಲ್ಲೋ ಸೋರುತ್ತಿದೆ ಎಂದರ್ಥ. ಶುರುವಾದ ಹೊತ್ತು, ಮುಗಿದ ಹೊತ್ತು, ನೀರಿನ ಮಟ್ಟ ಎಲ್ಲವನ್ನೂ ಬರೆಯಬೇಕು. ನಮ್ಮ ಹುಡುಗರಲ್ಲಿ ಹೆಚ್ಚಿನವರು ಇದನ್ನು ಬೆಳಗ್ಗೆ ಚಹಾ ಅಂಗಡಿಯ ಬೆಂಚಿನ ಮೇಲೆಯೇ ಬರೆದು ಮುಗಿಸುತ್ತಿದ್ದರು. ಒಂಬತ್ತಕ್ಕೊಂದು ಮನೆ, ಒಂಬತ್ತೂವರೆಗೊಂದು ಮನೆ, ಎಲ್ಲದರಲ್ಲೂ ನೀರು ನಿಂತಲ್ಲೇ ನಿಂತಿದೆ. ಅಂಥ ಕಾರ್ಡು ಕೈಗೆ ಸಿಕ್ಕರೆ ನಾನು ಎಲ್ಲರ ಮುಂದೆ ಹರಿದು ಹಾಕುತ್ತಿದ್ದೆ. ನನ್ನಷ್ಟು ಕಟ್ಟುನಿಟ್ಟಿನವನು ಇಡೀ ಪಶ್ಚಿಮ ದೆಹಲಿಯಲ್ಲಿ ಇಲ್ಲವೆಂದು ನನಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಒಬ್ಬರ ಕಾರ್ಡನ್ನು ಮಾತ್ರ ಎಂದೂ ಹರಿಯಲಿಲ್ಲ. ಐವತ್ತು ದಾಟಿದ ಬಿಹಾರದ ಮಿಸ್ತ್ರಿ ಅವರು, ನಮ್ಮಲ್ಲಿ ಎಲ್ಲರಿಗಿಂತ ಹಳೆಯ ಫಿಟ್ಟರ್. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಅವರು ಹೇಳುವುದು, ನಾನು ಬರೆಯುವುದು. ಸಹಿ ಬೇಕೇ ಬೇಕು ಎಂಬ ನಿಯಮ ಬಂದಾಗ ಮಗಳ ಕೈಯಿಂದ ತಮ್ಮ ಹೆಸರೊಂದನ್ನು ಬರೆಯಲು ಕಲಿತಿದ್ದರು. ಅವರ ಕಾರ್ಡುಗಳು ನೋಡಲು ಗಲೀಜು. ನೀರು ಇಳಿಯಿತು, ಬಿಚ್ಚಿದೆ, ಮತ್ತೆ ಕಟ್ಟಿದೆ, ಮತ್ತೆ ಇಳಿಯಿತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ ಬರೆಸುತ್ತಿದ್ದರು. ಗುತ್ತಿಗೆದಾರರಿಗೆ ಇದು ಹಿಡಿಸುತ್ತಿರಲಿಲ್ಲ. ಇಷ್ಟು ಸಲ ಸೋರುತ್ತದೆ ಎಂದು ಬರೆದರೆ ಇವನಿಗೆ ಕೆಲಸವೇ ಬರುವುದಿಲ್ಲ ಎಂದು ಗ್ಯಾಸ್ ಕಂಪನಿಯವರು ತಿಳಿದುಕೊಳ್ಳುತ್ತಾರೆ ಎಂಬುದು ಅವರ ದೂರು.

ಆ ಚಳಿಗಾಲದ ಒಂದು ಶುಕ್ರವಾರ ನಾನೂ ಮಿಸ್ತ್ರಿಯೂ ರೋಹಿಣಿಯ ಒಂದು ಫ್ಲ್ಯಾಟಿಗೆ ಹೋದೆವು. ಮೊದಲನೆಯ ಮಹಡಿ. ಬಾಗಿಲಲ್ಲಿ ರಂಗೋಲಿ ಕಂಡಾಗಲೇ ನನಗೆ ಅನುಮಾನ ಬಂದಿತ್ತು. ಒಳಗಿನಿಂದ ‘ಅತ್ತೆ, ಗ್ಯಾಸಿನೋರು ಬಂದ್ರು’ ಎಂಬ ಕನ್ನಡ ಕೇಳಿದ್ದೇ ನನ್ನ ಎದೆ ಉಬ್ಬಿತು. ಕೊಡಗಿಗೆ ಅಂಟಿಕೊಂಡ ಹಾಸನದ ಕಡೆಯವರು. ಮನೆಯ ಮಗ ಸೈನ್ಯದಲ್ಲಿದ್ದು, ಆಗ ಮೇಲೆಲ್ಲೋ ಹಿಮದಲ್ಲಿ ಡ್ಯೂಟಿಯಲ್ಲಿದ್ದರು. ಮನೆಯಲ್ಲಿ ಅವರ ತಾಯಿ ಮತ್ತು ಹೆಂಡತಿ ಇಬ್ಬರೇ. ಬಂದು ತಿಂಗಳೂ ಆಗಿರಲಿಲ್ಲ, ಫೋನಿನ ಲೈನು ಇನ್ನೂ ಬಂದಿರಲಿಲ್ಲ. ಚಿಕ್ಕ ಮನೆಯಾದ್ದರಿಂದ ದೇವರು ಅಡುಗೆಮನೆಯ ಕಪಾಟಿನಲ್ಲೇ ಇದ್ದ. ಪೈಪು ಹಾಯಬೇಕಾದ ದಾರಿ ಆ ಕಪಾಟಿನ ಹಿಂದೆಯೇ ಇತ್ತು.

ನಾನು ಕನ್ನಡದಲ್ಲಿ ಮಾತಾಡಿದ್ದೇ ತಡ, ಆ ತಾಯಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಊರು ಯಾವುದು, ಯಾರ ಪೈಕಿ, ಹೆಂಡತಿ ಕಡೆಯವರು ಎಲ್ಲಿಯವರು ಎಂದೆಲ್ಲ ವಿಚಾರಿಸಿದರು. ಬರೀ ಕಾರ್ಡು ಬರೆಯುವವನಿಗೆ ಕೊಂಬು ಬಂದ ಹಾಗಾಯಿತು. ಗೋಡೆಗೆ ಕೊರೆದ ತೂತು ಸೊಟ್ಟಗಾಗಿ ಮಿಸ್ತ್ರಿಗೆ ಮುಕ್ಕಾಲು ಗಂಟೆ ಹೆಚ್ಚಿಗೆ ಹಿಡಿಯಿತು. ಅವರು ಪೈಪು ಕಟ್ಟಿ, ಗಾಳಿ ತುಂಬಿ, ನಳಿಗೆ ಜೋಡಿಸಿ, ಅದರ ಮುಂದೆ ಕುಕ್ಕರಗಾಲಲ್ಲಿ ಕೂರುವ ಹೊತ್ತಿಗೆ ಹತ್ತೂ ಇಪ್ಪತ್ತು. ಆಗ ತಾಯಿ ಹೊಸ ಹಿತ್ತಾಳೆ ಪಾತ್ರೆಯಲ್ಲಿ ಹಾಲು ಹಿಡಿದು ಬಂದರು. ಹೊಸ ಒಲೆಯಲ್ಲಿ ಮೊದಲು ಹಾಲು ಉಕ್ಕಿಸಬೇಕಲ್ಲ, ಇನ್ನೆಷ್ಟು ಹೊತ್ತಾಗಬಹುದು ಎಂದು ಕೇಳಿದರು.

ಅವರು ಕೇಳಿದ್ದು ಅಷ್ಟೇ. ನನ್ನ ಕಣ್ಣು ಮಾತ್ರ ಗೋಡೆಯ ಕ್ಯಾಲೆಂಡರಿಗೆ ಹೋಯಿತು. ಶುಕ್ರವಾರ, ಹತ್ತೂವರೆಗೆ ರಾಹುಕಾಲ ಶುರು. ಹದಿನೈದು ನಿಮಿಷ ಪೂರ್ತಿ ಮಾಡಿದರೆ ಹತ್ತೂ ಮೂವತ್ತೈದು. ಆಮೇಲೆ ಹನ್ನೆರಡರ ತನಕ ಹಾಲು ಉಕ್ಕಿಸುವ ಹಾಗಿಲ್ಲ. ನಮ್ಮ ಕಡೆಯವರ ಮನೆಯಲ್ಲಿ, ಮಗ ಗಡಿಯಲ್ಲಿರುವ ಮನೆಯಲ್ಲಿ, ನನ್ನಿಂದಾಗಿ ರಾಹುಕಾಲಕ್ಕೆ ಒಲೆ ಹಚ್ಚುವುದೇ ಎಂದು ನನ್ನ ಮೈಯೆಲ್ಲ ಚಡಪಡಿಸಿತು. ಒಂದು ನಿಮಿಷ ತಡೆದೆ, ಎರಡು ನಿಮಿಷ ತಡೆದೆ. ನಳಿಗೆಯ ನೀರು ಅಲ್ಲಾಡದೆ ನಿಂತಿತ್ತು. ಹತ್ತೂ ಇಪ್ಪತ್ತೈದಕ್ಕೆ ಸಾಕು ಬಿಚ್ಚಿ ಎಂದು ಮಿಸ್ತ್ರಿಗೆ ಹೇಳಿದೆ.

ಮಿಸ್ತ್ರಿ ತಲೆಯೆತ್ತದೆ, ‘ಸಾಬ್, ಪಂದ್ರಹ್ ಮಿನಟ್’ ಎಂದರು. ಹದಿನೈದು ಎಂಬುದನ್ನು ನನಗೇ ನೆನಪಿಸುತ್ತಾರಲ್ಲ ಎಂದು ಸಿಟ್ಟು ಬಂತು. ಸೂಪರ್‌ವೈಸರ್ ನಾನು, ಜವಾಬ್ದಾರಿ ನನ್ನದು, ಬಿಚ್ಚಿ ಎಂದೆ. ಸೋಪಿನ ನೀರು ಹಚ್ಚುವುದು ಇನ್ನೂ ಬಾಕಿ ಇತ್ತು. ನೀರಿನ ಮಟ್ಟ ನೋಡುತ್ತ ಕೂತೇ ಅವರು ಬ್ರಷ್ ಹಿಡಿದು ಒಂದೊಂದೇ ಜಾಯಿಂಟಿಗೆ ಹಚ್ಚುವವರು. ಎರಡಕ್ಕೆ ಹಚ್ಚಿದ್ದರು, ಕಪಾಟಿನ ಹಿಂದಿನದು ಉಳಿದಿತ್ತು. ಮಿಸ್ತ್ರಿ ನಳಿಗೆ ಬಿಚ್ಚಿ, ಮೀಟರಿನ ಕಡೆಯಿಂದ ಗ್ಯಾಸು ಬಿಟ್ಟರು.

ಹಾಲು ಉಕ್ಕಿತು, ಅದೂ ಪೂರ್ವದ ಕಡೆಗೇ. ತಾಯಿ ಕೈಮುಗಿದರು, ಸೊಸೆ ನಕ್ಕರು, ನಾನೂ ನನ್ನ ಮನೆಯ ಹಾಲೇ ಉಕ್ಕಿತೆಂಬಂತೆ ನಿಂತಿದ್ದೆ. ಉಕ್ಕಿದ ಹಾಲು ಬರ್ನರಿನ ಮೇಲೆ ಸುರಿದು ಉರಿ ಆರಿಹೋಗಿತ್ತು. ಗ್ಯಾಸು ಹಾಗೇ ಬರುತ್ತಿತ್ತು. ಪಕ್ಕದ ಕಪಾಟಿನಲ್ಲಿ ದೇವರ ದೀಪ ಉರಿಯುತ್ತಿತ್ತು. ನಮ್ಮ ಮೂವರಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ಮಿಸ್ತ್ರಿಯ ಕೈ ನಮ್ಮ ನಡುವೆ ತೂರಿಬಂದು ಒಲೆಯ ನಾಬ್ ತಿರುಗಿಸಿ ಗ್ಯಾಸು ನಿಲ್ಲಿಸಿತು.

ಸಕ್ಕರೆ ಹಾಕಿದ ಹಾಲು ಕುಡಿಯುತ್ತ ನಾನು ಕಾರ್ಡು ತುಂಬಿದೆ. ಶುರುವಾದ ಹೊತ್ತು ಹತ್ತೂ ಹತ್ತು, ಮುಗಿದ ಹೊತ್ತು ಹತ್ತೂ ಇಪ್ಪತ್ತೈದು. ಹತ್ತಿರದಲ್ಲಿ ಬೆಂಕಿ: ಇಲ್ಲ. ಎಲ್ಲ ಜಾಯಿಂಟಿಗೂ ಸೋಪಿನ ನೀರು: ಹೌದು. ಮನೆಯವರಿಗೆ ಸುರಕ್ಷತೆ ತಿಳಿಸಲಾಗಿದೆ: ಹೌದು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಸೊಸೆ ಸಹಿ ಮಾಡಿದರು, ನಾನು ಮಾಡಿದೆ. ಮಿಸ್ತ್ರಿಯ ಕಡೆ ಚಾಚಿದಾಗ ಅವರು ಕೈಗೆ ಎಣ್ಣೆಯಾಗಿದೆ, ಆಮೇಲೆ ಎಂದು ಚೀಲ ಎತ್ತಿಕೊಂಡರು.

ಬಸ್ಸಿನಲ್ಲಿ ಪೀರಾಗಢಿ ದಾಟುವ ಹೊತ್ತಿಗೆ ಕಾರ್ಡನ್ನು ಹೊರತೆಗೆದು ಮತ್ತೊಮ್ಮೆ ಓದಿದೆ. ಸಾವಿರ ಮನೆಗೆ ಪೈಪು ಹಾಕಿದವರ ಕೈ, ಸೋರುವುದಾದರೂ ಯಾಕೆ ಎಂದು ಒಂದು ಮನಸ್ಸು. ಅದೇ ಕೈಯ ಕಾರ್ಡುಗಳಲ್ಲಿ ಹನ್ನೊಂದನೆಯ ನಿಮಿಷಕ್ಕೆ ನೀರು ಇಳಿಯಿತು ಎಂದು ನೀನೇ ಎಷ್ಟು ಸಲ ಬರೆದಿಲ್ಲ ಎಂದು ಇನ್ನೊಂದು ಮನಸ್ಸು. ಆಫೀಸಿನಲ್ಲಿ ಗುತ್ತಿಗೆದಾರರು ಸೋಮವಾರ ತಪಾಸಣೆಗೆ ಬರುವ ಕಂಪನಿಯವರಿಗಾಗಿ ಕಾರ್ಡುಗಳನ್ನು ಜೋಡಿಸುತ್ತಿದ್ದರು. ನನ್ನದನ್ನು ನೋಡಿ ಕಾರ್ಡು ಎಂದರೆ ಹೀಗಿರಬೇಕು ಎಂದು ಎಲ್ಲರಿಗೂ ಎತ್ತಿ ತೋರಿಸಿದರು. ಫಿಟ್ಟರ್ ಸಹಿ ಇಲ್ಲದ್ದು ಕಂಡು ನಾಳೆಯೊಳಗೆ ಹಾಕಿಸು ಎಂದು ನನ್ನ ಕೈಗೇ ಹಿಂದಕ್ಕೆ ಕೊಟ್ಟರು. ಅವರ ಹೊಗಳಿಕೆ ನನ್ನ ಕೆನ್ನೆಗೆ ಬಾರಿಸಿದ ಹಾಗಿತ್ತು.

ಆ ಮಧ್ಯಾಹ್ನ ನಾನು ಎಷ್ಟು ಸಲ ಮೆಟ್ಟಿಲು ಇಳಿದು ಹತ್ತಿದೆನೋ ಟೈರ್ ಅಂಗಡಿಯವನಿಗೇ ಗೊತ್ತು. ಸಂಜೆ ಐದಕ್ಕೆ ತಡೆಯಲಾರದೆ ಮತ್ತೆ ರೋಹಿಣಿಯ ಬಸ್ಸು ಹತ್ತಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕನ್ನಡದಲ್ಲಿ ಜೋಡಿಸಿಕೊಂಡೆ. ಸುಮ್ಮನೆ ಇನ್ನೊಮ್ಮೆ ನೋಡಿ ಹೋಗೋಣ ಅಂತ ಬಂದೆ ಎನ್ನಬೇಕು. ಆದರೆ ನಳಿಗೆ ನನ್ನ ಬಳಿ ಇರಲಿಲ್ಲ, ಅದು ಮಿಸ್ತ್ರಿಯ ಚೀಲದಲ್ಲಿತ್ತು. ಬರಿಗೈಯಲ್ಲಿ ಹೋಗಿ ಏನು ನೋಡುವುದು? ನಿಮ್ಮ ಮನೆಯನ್ನು ಸರಿಯಾಗಿ ಪರೀಕ್ಷೆ ಮಾಡಲಿಲ್ಲ, ಗ್ಯಾಸು ಮುಚ್ಚಿ ಎಂದು ಹೇಳುವುದೊಂದೇ ದಾರಿ. ಬೆಳಗ್ಗೆ ಕುರ್ಚಿ ಹಾಕಿ ಕೂರಿಸಿದವರ ಮುಂದೆ ಸಂಜೆ ಹೋಗಿ ಅದನ್ನು ಹೇಳಲು ನಾಲಿಗೆ ಬರಬೇಕಲ್ಲ.

ಫ್ಲ್ಯಾಟಿನ ಕೆಳಗೆ, ಸ್ಕೂಟರುಗಳ ಸಾಲಿನ ಪಕ್ಕ ನಿಂತೆ. ಚಳಿಗೆ ಎಲ್ಲರ ಕಿಟಕಿಗಳೂ ಮುಚ್ಚಿದ್ದವು. ಅವರ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು, ಗಾಜಿನ ಹಿಂದೆ ಯಾರೋ ಓಡಾಡುತ್ತಿದ್ದರು. ಓಡಾಡುತ್ತಿದ್ದಾರೆ ಎಂದರೆ ಎಲ್ಲ ಸರಿಯಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಸೋರಿದ್ದರೆ ವಾಸನೆ ಬರುತ್ತಿತ್ತು, ವಾಸನೆ ಬಂದಿದ್ದರೆ ಕಿಟಕಿ ತೆರೆಯುತ್ತಿದ್ದರು ಎಂದು ತರ್ಕ ಹೂಡಿದೆ. ಹತ್ತು ನಿಮಿಷ ಅಲ್ಲೇ ಶತಪಥ ಹಾಕಿ, ಒಮ್ಮೆ ಮೆಟ್ಟಿಲಿನ ತನಕ ಹೋಗಿ, ಹಿಂದಿರುಗಿ ಬಸ್ಸು ಹಿಡಿದೆ. ಮನೆಗೆ ಬಂದವನೇ ನಮ್ಮ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿದೆ. ಒಲೆಯ ಮೇಲೆ ಅನ್ನ ಬೇಯುತ್ತಿತ್ತು. ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಏನಾಗಿದೆ ನಿಮಗೆ ಎಂದು ಕೇಳಿದಳು.

ಶನಿವಾರ ಬೆಳಗ್ಗೆ ನಮ್ಮ ಪೈಪುಗಳ ಗೋದಾಮಿನ ಮುಂದೆ ಮಿಸ್ತ್ರಿ ಸಿಕ್ಕರು. ಆಗಲೂ ನಾನು ತಪ್ಪೊಪ್ಪಿಕೊಳ್ಳಲು ಹೋದವನಲ್ಲ, ಸಹಿ ಹಾಕಿಸಲು ಹೋದವನು. ಇದನ್ನು ಮುಚ್ಚಿಟ್ಟು ಈಗ ಬರೆದರೆ ಅದೂ ಒಂದು ಸುಳ್ಳು ಕಾರ್ಡೇ ಆಗುತ್ತದೆ. ಪೆನ್ನು ಚಾಚಿದೆ. ಅವರು ಕಾರ್ಡನ್ನು ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೂ ಗಂಟೆಯ ಅಂಕಿಗಳ ಮೇಲೆ ಬೆರಳಿಟ್ಟು ನೋಡಿದರು. ಅಂಕಿ ಅವರಿಗೆ ಬರುತ್ತಿತ್ತು. ಆಮೇಲೆ ತಮ್ಮ ಹಿಂದಿಯಲ್ಲಿ ನಿಧಾನಕ್ಕೆ ಹೇಳಿದರು: ‘ನನಗೆ ಬರೆಯೋಕೆ ಬರೋದು ನನ್ನ ಹೆಸರೊಂದೇ, ಸಾಬ್. ಅದನ್ನ ಇದರ ಮೇಲೆ ಬರೆಯಲಾರೆ. ಚಲೋ, ಮೊದಲು ಆ ಮನೆಗೆ ಹೋಗೋಣ.’

ಚೀಲ ಅವರ ಹೆಗಲ ಮೇಲೇ ಇತ್ತು. ನಾನು ಬರುತ್ತೇನೋ ಇಲ್ಲವೋ ಎಂದು ನೋಡದೆ ನಿಲ್ದಾಣದ ಕಡೆ ನಡೆದರು. ಅವರ ಹಿಂದೆ ಹೋಗುವಾಗ ನನಗೆ ನಾಚಿಕೆಯಾಯಿತು, ಅದರ ಜೊತೆಗೆ ಹಿಂದಿನ ದಿನದಿಂದ ಮೊದಲ ಸಲ ಸರಿಯಾಗಿ ಉಸಿರಾಡಿದೆ.

ಬಾಗಿಲು ತೆರೆದ ಸೊಸೆಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಅಡುಗೆಮನೆಗೆ ಕಾಲಿಡುತ್ತಲೇ ಮಿಸ್ತ್ರಿ ನಿಂತುಬಿಟ್ಟರು. ನನಗೂ ಬಂತು ಆ ವಾಸನೆ, ತೆಳ್ಳಗೆ. ಮಿಸ್ತ್ರಿ ಮೊದಲು ದೇವರ ದೀಪವನ್ನು ಬೆರಳಿನಿಂದ ಒತ್ತಿ ಆರಿಸಿದರು, ಆಮೇಲೆ ಹೊರಗೆ ಹೋಗಿ ಮೀಟರಿನ ಬಳಿ ಗ್ಯಾಸು ಮುಚ್ಚಿದರು, ಆಮೇಲೆ ಕಿಟಕಿ ತೆರೆದರು. ಈ ಗ್ಯಾಸು ಗಾಳಿಗಿಂತ ಹಗುರ, ಚಾವಣಿಯ ಕೆಳಗೆ ಸೇರಿಕೊಳ್ಳುತ್ತದೆ, ಅದಕ್ಕೇ ಮೇಲಿನ ಗಾಳಿಕಿಂಡಿ ತೆರೆದಿರಬೇಕು. ಚಳಿಗಾಳಿ ತಡೆಯಲೆಂದು ತಾಯಿ ಆ ಕಿಂಡಿಗೆ ರಟ್ಟು ತುರುಕಿದ್ದರು. ತುರುಕಬಾರದು ಎಂದು ಹೇಳಬೇಕಾದವನು ನಾನು. ಹೇಳಿದ್ದೇನೆ ಎಂದು ಬರೆದುಕೊಂಡವನೂ ನಾನೇ. ವಾಸನೆ ಬರಲಿಲ್ಲವೇ ಎಂದು ಕೇಳಿದ್ದಕ್ಕೆ ತಾಯಿ, ಪೈಪಿನ ಗ್ಯಾಸು ಎಂದರೆ ಹೀಗೇ ವಾಸನೆ ಇರುತ್ತದೇನೋ ಅಂದುಕೊಂಡೆ ಎಂದರು.

ಕಿಟಕಿ ತೆರೆದು ಅರ್ಧ ಗಂಟೆ ಬಿಟ್ಟ ಮೇಲೆ ಮಿಸ್ತ್ರಿ ಮತ್ತೆ ಗಾಳಿ ತುಂಬಿ ನಳಿಗೆ ಜೋಡಿಸಿದರು. ನಾನು ಅವರ ಪಕ್ಕ ನೆಲದ ಮೇಲೆ ಕೂತೆ. ಐದು ನಿಮಿಷ ಆಯಿತು, ನೀರು ಹಿಂದಿನ ದಿನದಂತೆಯೇ ಅಲ್ಲಾಡಲಿಲ್ಲ. ಎಂಟಾಯಿತು, ಒಂಬತ್ತಾಯಿತು. ಮೊಣಕಾಲು ಅದುರದ ಹಾಗೆ ಕೈಯಿಂದ ಹಿಡಿದುಕೊಂಡಿದ್ದೆ. ಹನ್ನೆರಡನೆಯ ನಿಮಿಷಕ್ಕೆ ನೀರಿನ ಅಂಚು ಗೆರೆಯಿಂದ ನೂಲೆಳೆಯಷ್ಟು ಕೆಳಗಿತ್ತು. ಮಿಸ್ತ್ರಿ ಕಪಾಟಿನಿಂದ ದೇವರ ಪಟಗಳನ್ನು ಒಂದೊಂದಾಗಿ ತೆಗೆದು ಸೊಸೆಯ ಕೈಗೆ ಕೊಟ್ಟು, ಹಿಂದಿನ ಜಾಯಿಂಟಿಗೆ ಸೋಪಿನ ನೀರು ಹಚ್ಚಿದರು. ಒಂದು ಗುಳ್ಳೆ ಎದ್ದಿತು. ಸಾಸಿವೆಯಷ್ಟಿದ್ದದ್ದು ಕಡಲೆಯಷ್ಟಾಗಿ ಒಡೆಯಿತು, ಮತ್ತೊಂದು ಎದ್ದಿತು. ಅದರಿಂದ ಒಂದು ಗೇಣು ಕೆಳಗೆ ದೀಪದ ಮಸಿ ಹಿಡಿದ ಗೋಡೆ.

ಬಿಚ್ಚಿ, ಪೈಪಿನ ತಿರುಪಿನ ಮೇಲೆ ಹೊಸ ಟೇಪು ಸುತ್ತಿ, ಬಿಗಿದು, ಮತ್ತೆ ಹದಿನೈದು ನಿಮಿಷ ಕೂತೆವು. ಈ ಸಲ ನೀರು ಕೊನೆಯವರೆಗೂ ನಿಂತಿತು. ಹೊಸ ಕಾರ್ಡಿನಲ್ಲಿ ಎರಡೂ ಪರೀಕ್ಷೆಗಳನ್ನು ಬರೆದೆ, ಹಿಂದಿನ ದಿನ ಸೂಪರ್‌ವೈಸರ್ ಹೇಳಿದ್ದಕ್ಕೆ ಪರೀಕ್ಷೆ ಅರ್ಧಕ್ಕೇ ನಿಂತಿತು ಎಂದೂ ಬರೆದೆ. ಬರೆದದ್ದನ್ನು ಓದಿ ಹೇಳಿದಾಗ ಮಿಸ್ತ್ರಿ ಒಂದೊಂದೇ ಅಕ್ಷರ ಕೊರೆದು ತಮ್ಮ ಹೆಸರು ಹಾಕಿದರು. ಆ ಕಾರ್ಡು ನೋಡಿ ಗುತ್ತಿಗೆದಾರರು ಕೆಂಡವಾದರು, ಇದನ್ನು ತೆಗೆದು ಹಳೆಯ ತಾರೀಖಿನಲ್ಲಿ ಬೇರೆ ಬರೆ ಎಂದರು. ಹಳೆಯದನ್ನೂ ಹೊಸದನ್ನೂ ಸೇರಿಸಿ ಪಿನ್ನು ಹೊಡೆದು ಅವರ ಮೇಜಿನ ಮೇಲಿಟ್ಟೆ. ಎರಡು ತಿಂಗಳು ನನ್ನನ್ನು ಗೋದಾಮಿನಲ್ಲಿ ಪೈಪು ಎಣಿಸಲು ಹಾಕಿದರು, ಆಮೇಲೆ ಬರೆಯಲು ಬೇರೆ ಯಾರೂ ಸಿಗದೆ ಮತ್ತೆ ಕರೆದರು. ಇದೆಲ್ಲ ಆಮೇಲಿನದು.

ಅಂದು ಆ ಅಡುಗೆಮನೆಯಲ್ಲಿ, ಸಹಿಯಾದ ಮೇಲೆ, ನಾನು ತಾಯಿಗೆ ಎಲ್ಲವನ್ನೂ ಹೇಳಿದೆ. ರಾಹುಕಾಲಕ್ಕೆ ಮುಂಚೆ ಹಾಲು ಉಕ್ಕಲಿ ಎಂದು ಅವಸರ ಮಾಡಿದೆ, ಹದಿನೈದು ಎಂದು ಸುಳ್ಳು ಬರೆದೆ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಸೆರಗಿನಿಂದ ದೇವರ ಪಟ ಒರೆಸುತ್ತಲೇ ಕೇಳಿಸಿಕೊಂಡರು.

‘ನಾನು ಬೇಗ ಮಾಡಿ ಅಂದ್ನೇನಪ್ಪ? ಹನ್ನೆರಡು ಕಳೆದ ಮೇಲೆ ಉಕ್ಕಿಸ್ತಿದ್ದೆ. ಮಗನ ಒಂದು ಫೋನಿಗೆ ಎರಡು ತಿಂಗಳು ಕಾಯೋರು ನಾವು.’

ಹಾಗೆಂದು ಪಟವನ್ನು ಕಪಾಟಿನಲ್ಲಿಟ್ಟರು. ಮಿಸ್ತ್ರಿ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದರು. ನಾನೂ ಹೊರಟು ಬಾಗಿಲ ತನಕ ಹೋದಾಗ ತಾಯಿ ಹಿಂದಿನಿಂದ ಕೇಳಿದರು:

‘ನಿನ್ನೆ ಸಂಜೆ ಕೆಳಗೆ ನಿಂತಿದ್ರಲ್ಲ, ಯಾಕೆ ಮೇಲೆ ಬರಲಿಲ್ಲ? ಕಿಟಕಿಯಿಂದ ನೋಡ್ದೆ. ನಮ್ಮೋರು ಬರ್ತಾರೆ ಅಂತ ಸೊಸೆಗೆ ಹೇಳಿ ಒಲೆ ಹಚ್ಚಿಸಿ ಟೀ ಮಾಡಿಸ್ದೆ. ಟೀ ಆರಿಹೋಯ್ತು ಅಂತ ಇನ್ನೆರಡು ಸಲ ಒಲೆ ಹಚ್ಚಿ ಬಿಸಿ ಮಾಡಿದ್ವಿ. ನೀವು ಬರಲೇ ಇಲ್ಲ.’